ಕೊತ್ತತ್ತಿಯ ಓತ್ವ

ಮುಂಗಾರು ಬಿತ್ತನೆ ಶುರುವಾಗುವುದರೊಳಗೆ ಕೆಲಸ ಮುಗಿಸಿಕೊಡುವುದಾಗಿ ಮಾತು ಕೊಟ್ಟಿದ್ದರಿಂದ, ಅಂದು ಬೆಳಗಿನ ರೈಲಿಗೇ ಮೈಸೂರಿನಿಂದ ಮಂಡ್ಯಕ್ಕೆ ಹೊರಟೆ. ಗೊಬ್ಬರ ಮತ್ತು ಬಿತ್ತನೆ ಬೀಜ ಹಂಚುವ ಒಂದು ಸಂಸ್ಥೆಗೆ ನಾವು ದಾಸ್ತಾನಿನ ತಂತ್ರಾಂಶ ಅಳವಡಿಸುತ್ತಿದ್ದೆವು. ಯಾವ ಗೋದಾಮಿನಿಂದ ಯಾವ ಊರಿನ ಮಳಿಗೆಗೆ ಸರಕು ಹೋಗುತ್ತದೆ ಎಂಬುದನ್ನು ಅದರಲ್ಲಿ ‘ಸಂಬಂಧ’ ಎಂದು ದಾಖಲಿಸಬೇಕು. ಗೋದಾಮು, ಊರು, ಸಂಬಂಧದ ಬಗೆ, ಈ ಮೂರರ ಒಂದೇ ಜೋಡಣೆ ಎರಡನೆಯ ಸಲ ಬಂದರೆ ಡೇಟಾಬೇಸ್ ಒಪ್ಪುವುದಿಲ್ಲ.

ಸಂಸ್ಥೆಯವರು ಟೈಪ್ ಮಾಡಿಕೊಟ್ಟ ಹೊಸ ಪಟ್ಟಿಯನ್ನು ಏರಿಸಿದಾಗ ಹಲವು ಸಾಲುಗಳು ‘ನಕಲು ಸಂಬಂಧ’ ಎಂಬ ದೋಷದೊಂದಿಗೆ ಹಿಂದಿರುಗಿದವು. ಕೊತ್ತತ್ತಿಯ ಸಂಬಂಧ ಈಗಾಗಲೇ ಇದೆ ಎಂದು ದೋಷಸೂಚನೆ ಹೇಳುತ್ತಿತ್ತು, ಆದರೆ ಪರದೆಯ ಮೇಲೆ ಕೊತ್ತತ್ತಿ ಎಂದು ಹುಡುಕಿದರೆ ಒಂದು ದಾಖಲೆಯೂ ಸಿಗುತ್ತಿರಲಿಲ್ಲ. ‘ಪೂರೈಸುತ್ತದೆ’ ಎಂಬ ಸಂಬಂಧ ಸೇರಿಸಿದ ಕೂಡಲೇ ‘ಪಡೆಯುತ್ತದೆ’ ಎಂಬ ಹಿಮ್ಮುಖ ಸಂಬಂಧವನ್ನು ತಂತ್ರಾಂಶ ತಾನೇ ಸೃಷ್ಟಿಸುವುದರಿಂದ, ಪಟ್ಟಿಯಲ್ಲಿ ಎರಡೂ ಇದ್ದಿರಬಹುದೆಂದು ಮೊದಲು ಶಂಕಿಸಿದೆ. ಹಾಗೇನೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ, ಒಂದೇ ಜೋಡಣೆ ಎರಡನೆಯ ಸಲ ಬಾರದಂತೆ ತಡೆಯುವ ನಿರ್ಬಂಧವನ್ನು ತಾತ್ಕಾಲಿಕವಾಗಿ ತೆಗೆದು ಪಟ್ಟಿ ಏರಿಸಿಬಿಡೋಣ ಎಂದರು. ನಾನು ಒಪ್ಪಲಿಲ್ಲ. ಒಂದು ಊರಿಗೆ ಎರಡು ಸಂಬಂಧ ನಿಂತರೆ ಯೂರಿಯಾದ ಹಂಚಿಕೆಯೂ ಎರಡು ಸಲ ಲೆಕ್ಕವಾಗುತ್ತದೆ. ಕಾಗದದ ಮೇಲೆ ಹೀಗೆ ಹೆಚ್ಚಾದ ಮೂಟೆಗಳು ಇನ್ನೊಂದು ಊರಿನ ಪಾಲಿನಿಂದಲೇ ಕಡಿತವಾಗುತ್ತವೆ.

ದಾರಿ ತೋರಿಸಿದವರು ಗೋದಾಮಿನ ಹಿರಿಯ ಗುಮಾಸ್ತರು. ತಿರಸ್ಕೃತವಾದ ಊರುಗಳನ್ನು ಪರಿಶೀಲಿಸಲೆಂದು ಅವರಿಗೆ ಮುದ್ರಿಸಿ ಕೊಟ್ಟಿದ್ದೆ. ಕೊತ್ತತ್ತಿ, ಹೊಳಲು, ಕೆರಗೋಡು, ಕೀಲಾರ, ಮೇಲುಕೋಟೆ ಎಂದು ಗಟ್ಟಿಯಾಗಿ ಓದುತ್ತಾ ಹೋದವರು ನಡುವೆ ನಿಲ್ಲಿಸಿ, ‘ದುದ್ದ, ಬಸರಾಳು, ಚಿನಕುರುಳಿ ಇದರಲ್ಲಿಲ್ಲ. ಓತ್ವ, ದೀರ್ಘ ಇರೋ ಊರುಗಳೇ ಬಂದಿವೆಯಲ್ಲ ಸಾರ್’ ಎಂದರು.

ತಕ್ಷಣ ಡೇಟಾಬೇಸಿನಲ್ಲಿದ್ದ ಹಳೆಯ ಕೊತ್ತತ್ತಿಯನ್ನೂ ಹೊಸ ಪಟ್ಟಿಯ ಕೊತ್ತತ್ತಿಯನ್ನೂ ಅಕ್ಕಪಕ್ಕದಲ್ಲಿಟ್ಟು ಉದ್ದವನ್ನು, ಅಂದರೆ ಒಳಗಿನ ಸಂಕೇತಗಳ ಸಂಖ್ಯೆಯನ್ನು, ಎಣಿಸಿದೆ. ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವಿಲ್ಲದ ಆ ಎರಡು ಪದಗಳಲ್ಲಿ ಒಂದರ ಉದ್ದ 10, ಇನ್ನೊಂದರದು 9. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ನಿಗದಿಪಡಿಸುವ ಯೂನಿಕೋಡ್ ಮಾನಕದಲ್ಲಿ ‘ಕೊ’ ಅಕ್ಷರದ ಓತ್ವಕ್ಕೆ 0CCA ಎಂಬ ಒಂದೇ ಸಂಕೇತವಿದೆ. ಅದನ್ನೇ ಏತ್ವ ಮತ್ತು ಕೊಂಬಿನ ಇಳಿ ಎಂಬ ಎರಡು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು, ಮತ್ತು ಎರಡೂ ಸಮಾನವೆಂಬುದು ಯೂನಿಕೋಡಿನದೇ ನಿಯಮ. ಕೆರಗೋಡಿನ ‘ಗೋ’ದಲ್ಲಿರುವ ಸ್ವರಚಿಹ್ನೆಯಾದರೆ ದೀರ್ಘವೂ ಸೇರಿ ಮೂರು ತುಂಡಾಗುತ್ತದೆ. ಬಸರಾಳಿನ ‘ರಾ’ದಲ್ಲಿರುವ ಇಳಿಯನ್ನು ಹೀಗೆ ಬಿಡಿಸಲಾಗದು, ಆದ್ದರಿಂದ ಆ ಊರು ಸಲೀಸಾಗಿ ದಾಟಿತ್ತು. ಏತ್ವಕ್ಕೆ ಕೊಂಬಿನ ಇಳಿ ಸೇರಿದರೆ ಓತ್ವ ಎಂಬುದು ಬಾಲ್ಯದಲ್ಲಿ ಕಾಗುಣಿತ ತಿದ್ದುವಾಗ ಕಲಿತದ್ದೇ.

ಬಿಡಿಸಿದ ರೂಪ ಬಂದದ್ದು ನಮ್ಮಿಂದಲೇ. ಹಿಂದಿನ ತಿಂಗಳು ಪ್ರಯೋಗಕ್ಕೆಂದು, ಹಳೆಯ ಮ್ಯಾಕ್ ಕಂಪ್ಯೂಟರಿನಲ್ಲಿ ಊರಿಗೊಂದರಂತೆ ಇದ್ದ ಫೈಲುಗಳ ಹೆಸರುಗಳಿಂದಲೇ ಊರುಗಳ ಪಟ್ಟಿ ತಯಾರಿಸಿದ್ದೆವು. ಆ ಹಳೆಯ ಮ್ಯಾಕ್‌ನ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ನಮ್ಮ ತಂತ್ರಾಂಶದ ಹುಡುಕಾಟ ಸಂಕೇತಕ್ಕೆ ಸಂಕೇತ ಹೋಲಿಸಿ ಆ ಊರು ಇಲ್ಲವೆನ್ನುತ್ತಿತ್ತು, ಹಾಗಾಗಿ ತಂತ್ರಾಂಶ ಅದನ್ನು ಹೊಸದಾಗಿ ಸೇರಿಸಲು ಹೋಗುತ್ತಿತ್ತು; ಯೂನಿಕೋಡ್ ನಿಯಮದಂತೆ ಹೋಲಿಸುವ ಡೇಟಾಬೇಸ್ ಇದೆಯೆನ್ನುತ್ತಿತ್ತು. ಸರಿಯಾಗಿದ್ದದ್ದು ಡೇಟಾಬೇಸ್. ಹೆಸರನ್ನೇ ಗುರುತಾಗಿ ಬಳಸದೆ, ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕಿರುವ ಸಂಖ್ಯೆಯನ್ನು ಮೊದಲೇ ಬಳಸಿದ್ದರೆ ಈ ತೊಡಕೇ ಬರುತ್ತಿರಲಿಲ್ಲ ಎಂಬುದು ನನಗೆ ಈಗಲೂ ನೋವಿನ ಸಂಗತಿ.

ಹಳೆಯ ದಾಖಲೆಗಳ ಬ್ಯಾಕಪ್ ತೆಗೆದು, ಹೆಸರುಗಳನ್ನೆಲ್ಲ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ಪರಿವರ್ತಿಸಿ, ಪಟ್ಟಿ ಏರಿಸುವ ಮೊದಲು ಇದೇ ಪರಿವರ್ತನೆ ತಾನಾಗಿ ನಡೆಯುವಂತೆ ಮಾಡಿದೆ. ಸಂಜೆ ಪಟ್ಟಿ ಪೂರ್ತಿ ಏರಿತು. ನಿರ್ಬಂಧ ಇದ್ದಲ್ಲೇ ಇತ್ತು. ಗುಮಾಸ್ತರು ಪಕ್ಕದ ಕುರ್ಚಿಯಲ್ಲಿ ಕುಳಿತು, ತಮ್ಮ ಕೈಯಾರೆ ಕೊತ್ತತ್ತಿ ಎಂದು ಟೈಪ್ ಮಾಡಿ ಹುಡುಕಿದರು. ಒಂದೇ ಸಾಲು ಬಂತು. ಆಮೇಲೆ ಮೇಲುಕೋಟೆ ಎಂದು ಟೈಪ್ ಮಾಡತೊಡಗಿದರು.