ಸಬಾ ಮತ್ತು ಸೇಂಟ್ ಬಾರ್ಟ್ಸ್: ಸಿಮ್ಯುಲೇಟರ್‌ನಲ್ಲಿ ಒಂದು ದ್ವೀಪ ಸುತ್ತಾಟ

ಕೆರಿಬಿಯನ್ ಕಡಲಿನ ಈಶಾನ್ಯ ಮೂಲೆಯಲ್ಲಿ ಸಿಂಟ್ ಮಾರ್ಟೆನ್, ಸೇಂಟ್ ಬಾರ್ಟ್ಸ್, ಸ್ಟೇಶಿಯಾ (ಸೇಂಟ್ ಯುಸ್ಟೇಶಿಯಸ್), ಸಬಾ ಎಂಬ ನಾಲ್ಕು ದ್ವೀಪಗಳು ಅಕ್ಕಪಕ್ಕದಲ್ಲೇ ಇವೆ. ಫ್ಲೈಟ್ ಸಿಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಆಟದಲ್ಲಿ, ದ್ವೀಪ ನೋಡಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದೇ ಈ ಸುತ್ತು. ಒಂದು ದ್ವೀಪದಿಂದ ಇನ್ನೊಂದಕ್ಕೆ ಕಾಲು ಗಂಟೆ, ಇಪ್ಪತ್ತು ನಿಮಿಷದ ಹಾರಾಟ. ನಡುವೆ ಬರೀ ನೀರು ನೋಡುತ್ತಾ ಬೇಜಾರಾಗುವಷ್ಟು ದೂರ ಎಲ್ಲೂ ಇಲ್ಲ.

ನಾನು ಹಾರಿದ್ದು 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ. ಅದರಲ್ಲಿ ಸೇಂಟ್ ಬಾರ್ಟ್ಸ್ ಮತ್ತು ಸಬಾ ವಿಮಾನ ನಿಲ್ದಾಣಗಳನ್ನು ವಿಶೇಷ ಆಸ್ಥೆಯಿಂದ ಕೈಯಾರೆ ರೂಪಿಸಿದ್ದಾರೆ, ಹಣ ಕೊಟ್ಟು ಬೇರೆ ಏನನ್ನೂ ಕೊಳ್ಳಬೇಕಿಲ್ಲ. ನೆಲದ ಚಿತ್ರಗಳು ಇಂಟರ್ನೆಟ್ ಮೂಲಕವೇ ಬರುವುದರಿಂದ ನೆಟ್ ಚೆನ್ನಾಗಿರುವಾಗಲೇ ಹೊರಡಿ. ಇಲ್ಲದಿದ್ದರೆ ದಂಡೆಯ ಬಣ್ಣ, ಬೆಟ್ಟದ ರಸ್ತೆ ಎಲ್ಲ ಮಸುಕಾಗಿ, ನೋಡಲು ಹೋದದ್ದೇ ಕಾಣುವುದಿಲ್ಲ.

ವಿಮಾನ ಚಿಕ್ಕದಿರಲಿ. ಸೆಸ್ನಾ 172 ಸಾಕು. ರೆಕ್ಕೆ ಮೇಲಿದೆ, ಕೆಳಗಿನ ನೋಟಕ್ಕೆ ಅಡ್ಡ ಬರುವುದಿಲ್ಲ. ಸ್ವಲ್ಪ ಕೈ ಕುದುರಿದವರು ಸೆಸ್ನಾ ಕ್ಯಾರವಾನ್ ತೆಗೆದುಕೊಳ್ಳಬಹುದು, ಸೇಂಟ್ ಬಾರ್ಟ್ಸ್‌ಗೆ ನಿಜವಾಗಿಯೂ ಪ್ರಯಾಣಿಕರನ್ನು ಕರೆದೊಯ್ಯುವ ವಿಮಾನ ಅದು. ಸಮಯವನ್ನು ಅಲ್ಲಿನ ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಇಡಿ. ಇಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದ ಬೀಸುತ್ತದೆ, ಹಾಗಾಗಿ ಇಳಿಯುವುದೂ ಪೂರ್ವಕ್ಕೆ ಮುಖ ಮಾಡಿಯೇ. ಬೆಳಿಗ್ಗೆ ಹೋದರೆ ಬಿಸಿಲು ನೇರ ಕಣ್ಣಿಗೆ. ಮಧ್ಯಾಹ್ನದ ಮೇಲಾದರೆ ಸೂರ್ಯ ಬೆನ್ನ ಹಿಂದಿರುತ್ತಾನೆ, ಎದುರಿನ ಗುಡ್ಡ, ಕೊಲ್ಲಿ ಎಲ್ಲ ಬೆಳಗುತ್ತವೆ.

ಸಿಂಟ್ ಮಾರ್ಟೆನ್‌ನಿಂದ ಹೊರಡಿ. ಅಲ್ಲಿನ ರನ್‌ವೇ ಸುಮಾರು 2,300 ಮೀಟರ್ ಉದ್ದ, ತಲೆಬಿಸಿಯೇ ಇಲ್ಲ. ಪಶ್ಚಿಮ ತುದಿಗೆ ಅಂಟಿಕೊಂಡಂತಿರುವ ಮಾಹೋ ಬೀಚ್ ಮೇಲೆ ಒಂದು ಸುತ್ತು ಹಾಕಿ, ಆಗ್ನೇಯಕ್ಕೆ ತಿರುಗಿದರೆ ಸೇಂಟ್ ಬಾರ್ಟ್ಸ್.

ಸೇಂಟ್ ಬಾರ್ಟ್ಸ್‌ನಲ್ಲಿ ಬಂದ ತಕ್ಷಣ ಇಳಿಯಬೇಡಿ. ಮೊದಲು 1,500 ಅಡಿ ಎತ್ತರದಲ್ಲಿ ದ್ವೀಪವನ್ನು ಪೂರ್ತಿ ಸುತ್ತಿ. ದ್ವೀಪದ ಆಕಾರ ಅರ್ಥವಾದರೆ ಇಳಿಯುವ ದಾರಿಯೂ ಅರ್ಥವಾಗುತ್ತದೆ. ರನ್‌ವೇ ಬರೀ 650 ಮೀಟರ್. ಪಶ್ಚಿಮದಲ್ಲಿ ಅದರ ತಲೆಗೇ ಒಂದು ಗುಡ್ಡ, ಗುಡ್ಡದ ಕಣಿವೆಯಲ್ಲಿ ಕಾರು ಓಡಾಡುವ ರಸ್ತೆ. ಇನ್ನೊಂದು ತುದಿಯಲ್ಲಿ ಸೇಂಟ್ ಜೀನ್ ಕೊಲ್ಲಿಯ ಮರಳು, ಅದರಾಚೆ ತಿಳಿನೀಲಿ ನೀರು. ಆ ರಸ್ತೆಯ ಮೇಲೆ ತೀರಾ ತಗ್ಗಿನಲ್ಲಿ ದಾಟಿ, ಕೂಡಲೇ ಮೂತಿ ಕೆಳಗೆ ಮಾಡಿ ಇಳಿಜಾರಿಗೆ ಸಮನಾಗಿ ಹೋಗಬೇಕು. 172ರಲ್ಲಿ ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಪಟ್ಟಿ) ಪೂರ್ತಿ ಬಿಟ್ಟು ವೇಗವನ್ನು 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ಹತ್ತಿರ ಹಿಡಿಯಿರಿ. ರನ್‌ವೇಯೂ ಕಡಲಿನ ಕಡೆಗೇ ಇಳಿಜಾರಾಗಿದೆ, ಆದ್ದರಿಂದ ವೇಗ ಜಾಸ್ತಿ ಇದ್ದರೆ ವಿಮಾನ ನೆಲ ಮುಟ್ಟದೆ ತೇಲುತ್ತಲೇ ಹೋಗುತ್ತದೆ. ಮೊದಲ ಮೂರನೇ ಒಂದು ಭಾಗದಲ್ಲಿ ಚಕ್ರ ತಾಗಲಿಲ್ಲವಾ, ಥ್ರಾಟಲ್ (ಎಂಜಿನ್ ಶಕ್ತಿ) ಪೂರ್ತಿ ಕೊಟ್ಟು ಮೇಲೇಳಿ. ಎದುರಿಗೆ ಕಡಲಿದೆ, ಜಾಗ ಧಾರಾಳವಾಗಿದೆ. ನಿಜದಲ್ಲೂ ಇಲ್ಲಿ ಇಳಿಯಲು ಪೈಲಟ್‌ಗಳಿಗೆ ಪ್ರತ್ಯೇಕ ತರಬೇತಿ ಬೇಕು.

ಅಲ್ಲಿಂದ ನೈಋತ್ಯಕ್ಕೆ ಸ್ಟೇಶಿಯಾ. ಇಳಿಯದಿದ್ದರೂ ಪರವಾಗಿಲ್ಲ, ಆದರೆ ದಕ್ಷಿಣದ ಕ್ವಿಲ್ ಜ್ವಾಲಾಮುಖಿಯನ್ನು ಬಿಡಬೇಡಿ. ಸುಮಾರು 600 ಮೀಟರ್ ಎತ್ತರದ ಬೆಟ್ಟ, ಮೇಲೆ ಬಟ್ಟಲಿನಂಥ ಬಾಯಿ, ಅದರೊಳಗೆ ದಟ್ಟ ಕಾಡು. ಅಂಚಿನ ಮೇಲಿನಿಂದ ಒಂದು ಕಡೆ ವಾಲಿಸಿ ಸುತ್ತಿದರೆ ಒಳಗೆಲ್ಲ ಕಾಣುತ್ತದೆ.

ಇನ್ನು ಸಬಾ. ನನ್ನ ಮಟ್ಟಿಗೆ ಈ ಸುತ್ತು ಇರುವುದೇ ಸಬಾಗಾಗಿ. ಕಡಲಿನಿಂದ ನೆಟ್ಟಗೆ ಎದ್ದು ನಿಂತ ಒಂದೇ ಬೆಟ್ಟ ಅದು, ತುದಿಗೆ ಹೆಚ್ಚಾಗಿ ಮೋಡ. ರನ್‌ವೇ ಕೇವಲ 400 ಮೀಟರ್, ಎರಡೂ ತುದಿಯಲ್ಲಿ ಪ್ರಪಾತ, ಕೆಳಗೆ ಕಡಲು. ಜಗತ್ತಿನಲ್ಲಿ ನಿಗದಿತ ವೇಳೆಯ ಪ್ರಯಾಣಿಕ ವಿಮಾನ ಇಳಿಯುವ ಅತಿ ಚಿಕ್ಕ ರನ್‌ವೇ ಇದೇ. ಅದರ ಪಕ್ಕದಿಂದ ಬೆಟ್ಟಕ್ಕೆ ಹಾವಿನಂತೆ ತಿರುವು ತಿರುವಾಗಿ ಹತ್ತುವ ರಸ್ತೆಯನ್ನು ಮಾತ್ರ ನಿಧಾನವಾಗಿ ನೋಡಿ. ಇಲ್ಲಿ ರಸ್ತೆ ಸಾಧ್ಯವೇ ಇಲ್ಲ ಎಂದು ಎಂಜಿನಿಯರುಗಳು ಕೈಚೆಲ್ಲಿದ ಮೇಲೆ, ಊರಿನವರೇ ಆದ ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಅಂಚೆ ಮೂಲಕ ರಸ್ತೆ ಕಟ್ಟುವ ವಿದ್ಯೆ ಕಲಿತು ಜನರನ್ನು ಕಟ್ಟಿಕೊಂಡು ಮಾಡಿದ ರಸ್ತೆ ಅದು. 1943ರಲ್ಲಿ ಮೊದಲ ಭಾಗ ಮುಗಿಯಿತು. ರನ್‌ವೇ ಇರುವ ಜಾಗದಲ್ಲೂ ಹಾಗೆಯೇ, ಊರವರು ಕಲ್ಲು ಆರಿಸಿ ನೆಲ ಹಸನು ಮಾಡಿದ ಮೇಲೆ 1959ರಲ್ಲಿ ಪೈಲಟ್ ರೆಮಿ ದ ಹೇನನ್ ಮೊದಲ ವಿಮಾನ ಇಳಿಸಿದರು. 1945ರಲ್ಲಿ ಸೇಂಟ್ ಬಾರ್ಟ್ಸ್‌ನಲ್ಲಿ ಮೊದಲು ಇಳಿದವರೂ ಅವರೇ! ಸಬಾದಲ್ಲಿ ಪಕ್ಕಾ ರನ್‌ವೇ ಶುರುವಾಗಿದ್ದು 1963ರಲ್ಲಿ. ಇದು ಗೊತ್ತಿದ್ದು ನೋಡಿದರೆ ಆ ಸಣ್ಣ ಪಟ್ಟಿಯ ಮೇಲೆ ಗೌರವ ಹುಟ್ಟುತ್ತದೆ.

ವಾಯವ್ಯದ ಕಡೆಯಿಂದ ಬನ್ನಿ. ಬಲಕ್ಕೆ ಬೆಟ್ಟ, ಎಡಕ್ಕೆ ಕಡಲು. ರನ್‌ವೇ ಅಂಚಿಗೇ ಗುರಿ ಇಟ್ಟರೆ ಗಾಳಿ ಸ್ವಲ್ಪ ಕೆಳಗೆ ಒತ್ತಿದರೂ ಬಂಡೆಗೆ ಬಡಿಯುತ್ತೀರಿ, ಹಾಗಾಗಿ ಅಂಚಿನಿಂದ ತುಸು ಒಳಗೆ ಕಣ್ಣು ನೆಡಿ. ಇಳಿಯಲಾಗದಿದ್ದರೆ ಎಡಕ್ಕೇ ತಿರುಗಿ, ಬಲಕ್ಕೆ ಖಂಡಿತ ಬೇಡ. ಮೊದಲ ಸಲಕ್ಕೆ ಗಾಳಿಯನ್ನು ನೀವೇ ಪೂರ್ವದಿಂದ 10 ನಾಟ್ ಎಂದು ಹೊಂದಿಸಿಕೊಳ್ಳಿ. ಕೈ ಕೂತ ಮೇಲೆ ನಿಜ ಹವಾಮಾನ ಹಾಕಿಕೊಂಡು ನೋಡಿ.

ಸಬಾದಿಂದ ಏಳುವಾಗ ರನ್‌ವೇಯ ಕಟ್ಟಕಡೆಯ ತುದಿಯಿಂದ ಶುರುಮಾಡಿ. ಫ್ಲಾಪ್ ಒಂದು ಹಂತ, ಬ್ರೇಕ್ ಒತ್ತಿ ಹಿಡಿದು ಪೂರ್ತಿ ಥ್ರಾಟಲ್, ಆಮೇಲೆ ಬ್ರೇಕ್ ಬಿಡಿ. ನೆಲ ಮುಗಿಯುವ ಮೊದಲೇ ವಿಮಾನ ಎದ್ದಿರುತ್ತದೆ, ಆದರೆ ಗಾಬರಿಯಲ್ಲಿ ಮೂತಿಯನ್ನು ಜೋರಾಗಿ ಎತ್ತಬೇಡಿ. ಕೆಳಗೆ ಕಡಲಿನವರೆಗೆ ಜಾಗವಿದೆ, ವೇಗ ಕೂಡಿಬರುವವರೆಗೆ ಸಮನಾಗಿ ಹೋಗಿ, ಆಮೇಲೆ ಎಡಕ್ಕೆ ಹೊರಳಿ ಉತ್ತರಕ್ಕೆ ಮುಖ ಮಾಡಿದರೆ ಸಿಂಟ್ ಮಾರ್ಟೆನ್ ಸುಮಾರು 45 ಕಿಲೋಮೀಟರ್.