ಗೋಲಿ ಯಾಕೆ ಹತ್ತಿರ ಬೀಳ್ತಿದೆ? – ಇಳಿಜಾರು ಪ್ರಾಜೆಕ್ಟ್, ಮೂರನೇ ವಾರ

ಇಳಿಜಾರಿನಲ್ಲಿ ಬಿಟ್ಟ ಗೋಲಿ ಮೇಜಿನಿಂದ ಹಾರಿ ನೆಲದ ಮೇಲೆ ಎಲ್ಲಿ ಬೀಳುತ್ತದೆ ಅಂತ ಮೊದಲೇ ಲೆಕ್ಕ ಹಾಕೋದು ಈ ಪ್ರಾಜೆಕ್ಟ್. ಹೋದ ವಾರ ಇಳಿಜಾರು ಸಿದ್ಧವಾಗಿತ್ತು. ಪರದೆಗೆ ಹಾಕುವ ಅಲ್ಯೂಮಿನಿಯಂ ಚಾನಲ್ ಬಗ್ಗಿಸಿ, ತುದಿಯನ್ನು ಮೇಜಿನ ಅಂಚಿಗೆ ಮಟ್ಟವಾಗಿ ಕಟ್ಟಿದ್ದೇನೆ. ಬಗ್ಗಿಸಿದ್ದು ನಾನೇ, ಹಾಗಾಗಿ ಓರೆಕೋರೆ. ಪರವಾಗಿಲ್ಲ. ಬಲ, ವೇಗೋತ್ಕರ್ಷ (ವೇಗ ಬದಲಾಗುವ ದರ) ಅಂತ ಹೊರಟರೆ ಪ್ರತಿ ತಿರುವಿಗೂ ಬೇರೆ ಲೆಕ್ಕ ಬೇಕು. ಶಕ್ತಿ ಸಂರಕ್ಷಣೆಗೆ (ಶಕ್ತಿ ರೂಪ ಬದಲಿಸುತ್ತದೆ, ಒಟ್ಟು ಮೊತ್ತ ಬದಲಾಗದು ಅನ್ನೋ ನಿಯಮಕ್ಕೆ) ದಾರಿಯ ಆಕಾರ ಬೇಡ, ಎಷ್ಟು ಎತ್ತರ ಇಳಿಯಿತು ಅನ್ನೋದು ಸಾಕು.

ಶನಿವಾರ: ಗೋಲಿ ಬಿಟ್ಟದ್ದು ಚಾನಲ್ ತುದಿಗಿಂತ 20 ಸೆಂ.ಮೀ. ಎತ್ತರದಿಂದ, ಆ ತುದಿಯಿಂದ ನೆಲಕ್ಕೆ 75 ಸೆಂ.ಮೀ. ಪ್ರಚ್ಛನ್ನ ಶಕ್ತಿ (ಎತ್ತರದಿಂದ ಬಂದದ್ದು) ಪೂರ್ತಿ ಮುಂದೆ ಓಡುವ ಚಲನ ಶಕ್ತಿಯಾದರೆ ಗೋಲಿ ಮೇಜಿನಿಂದ 77.5 ಸೆಂ.ಮೀ. ದೂರ ಬೀಳಬೇಕು. ನೆಲದ ಮೇಲೆ ಬಿಳಿ ಹಾಳೆ, ಅದರ ಮೇಲೆ ಕಾರ್ಬನ್ ಪೇಪರ್ ಹಾಸಿ ಹತ್ತು ಸಲ ಬಿಟ್ಟೆ. ಚುಕ್ಕೆಗಳೆಲ್ಲ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲೇ ಬಿದ್ದವು. ಆದರೆ ಬಿದ್ದದ್ದು 58ರಲ್ಲಿ! ಘರ್ಷಣೆ ಅಂತ ಸುಮ್ನೆ ಬಿಡೋಣ ಅಂದರೆ, ಹತ್ತಿರ ಹತ್ತಿರ ಅರ್ಧ ಶಕ್ತಿ ನಾಪತ್ತೆ. ಬರೀ ಘರ್ಷಣೆಗೇ ಅಷ್ಟು ಶಕ್ತಿ ಹೋಗೋದು ಅನುಮಾನ, ಅಲ್ವಾ?

ಅದೇ ಅಳತೆಯ ಉಕ್ಕಿನ ಗುಂಡು ಬಿಟ್ಟು ನೋಡಿದೆ. ಅದೂ ಅಲ್ಲೇ ಬಿತ್ತು. ತೂಕದ ತಪ್ಪಲ್ಲ.

ಭಾನುವಾರ ಕಾಫಿ ಹೊತ್ತಿಗೆ ಹೊಳೆಯಿತು. ಗೋಲಿ ಜಾರುತ್ತಿಲ್ಲ, ಉರುಳುತ್ತಿದೆ. ಗಟ್ಟಿ ಗೋಲಿ ಉರುಳುವಾಗ ಶಕ್ತಿಯ 7 ಪಾಲಿನಲ್ಲಿ 5 ಮುಂದೆ ಓಡೋಕೆ, 2 ತಿರುಗೋಕೆ. (1608ರ ಸುಮಾರಿಗೆ ಗೆಲಿಲಿಯೊ ಕೂಡ ಹೀಗೇ ಗುಂಡು ಉರುಳಿಸಿ, ಮೇಜಿನಿಂದ ಹಾರಿಸಿ ದೂರ ಅಳೆದಿದ್ದ. ತಿರುಗುವ ಪಾಲಿನ ಲೆಕ್ಕ ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ.) ಹೊಸ ಉತ್ತರ 65.5. ಇನ್ನೂ 7 ಸೆಂ.ಮೀ. ಜಾಸ್ತಿ.

ಆಮೇಲೆ ಚಾನಲ್ಲಿಗೆ ಕಣ್ಣು ಹಚ್ಚಿ ನೋಡಿದೆ. 16 ಮಿ.ಮೀ. ಗೋಲಿ ತಳ ಮುಟ್ಟುತ್ತಲೇ ಇಲ್ಲ! 10 ಮಿ.ಮೀ. ಅಂತರದ ಎರಡು ಅಂಚುಗಳ ಮೇಲೆ ಕೂತು ಓಡುತ್ತಿದೆ. ಅಂದರೆ ಉರುಳುವ ತ್ರಿಜ್ಯ (ಗೋಲಿಯ ನಡುವಿನಿಂದ ಅಂಚುಗಳನ್ನು ಮುಟ್ಟುವ ಮಟ್ಟಕ್ಕೆ ಇರುವ ಎತ್ತರ) 8 ಅಲ್ಲ, 6.2 ಮಿ.ಮೀ. ಅಷ್ಟೇ ದೂರ ಹೋಗೋಕೆ ಜಾಸ್ತಿ ಸುತ್ತು ಹೊಡೀಬೇಕು. ಮುಂದೆ ಓಡೋಕೆ 100 ಪಾಲು ಹೋದರೆ ತಿರುಗೋಕೆ 40 ಅಲ್ಲ, 66. ಉತ್ತರ 60.2 ಸೆಂ.ಮೀ. ಉಳಿದ 2 ಸೆಂ.ಮೀ. ಚಿಲ್ಲರೆಯನ್ನು ಈಗ ಘರ್ಷಣೆಯ ಖಾತೆಗೆ ಬರೆಯೋಕೆ ನನಗೆ ನಾಚಿಕೆಯಿಲ್ಲ.

ಎತ್ತರ 10 ಸೆಂ.ಮೀ.ಗೆ ಇಳಿಸಿಯೂ ನೋಡಿದೆ. ಲೆಕ್ಕ 42.6, ಬಿದ್ದದ್ದು 41.

ಮುಂದಿನ ವಾರಕ್ಕೆ 14 ಮಿ.ಮೀ. ಅಂತರದ ಚಾನಲ್ ತಂದಿಟ್ಟಿದ್ದೇನೆ. ಅದರಲ್ಲಿ ಗೋಲಿ ಓಡುವುದಕ್ಕಿಂತ ಗಿರಗಿರ ತಿರುಗೋದೇ ಜಾಸ್ತಿ. ಲೆಕ್ಕ 47 ಅನ್ನುತ್ತಿದೆ. ಘರ್ಷಣೆಗೆ ಒಂದೆರಡು ಬಿಟ್ಟು, 45ಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೇನೆ. ಮನೆಯಲ್ಲಿ ನೆಲ ಒರೆಸದಿದ್ದರೆ ಸಾಕು.