ಸೀತಾಳೆ ದಂಡೆ ಕೊನೆಗೂ ಮತ್ತಿ ಮರ ಹಿಡಿಯಿತು

ಅಂಟಿಕೊಂಡಿತು! ಬಂಗಲೆ ಹಿಂದಿನ ಮತ್ತಿ ಮರಕ್ಕೆ ಕಟ್ಟಿದ್ದ ಸೀತಾಳೆ ದಂಡೆಯ (ಮರದ ಮೇಲೆ ಬೆಳೆಯುವ ಆರ್ಕಿಡ್) ಹೊಸ ಬೇರು ತೊಗಟೆಯ ಬಿರುಕಿಗೆ ಇಳಿದಿದೆ. ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿದೆ, ಜಗ್ಗಲಿಲ್ಲ. ತುದಿ ಹಸಿರಾಗಿ ಹೊಳೆಯುತ್ತಿದೆ. ಆರ್ಕಿಡ್ ಸಾಕುವವರಿಗೆ ಇದಕ್ಕಿಂತ ಚಂದದ ಹಸಿರು ಇನ್ನೊಂದಿಲ್ಲ, ಅಲ್ವಾ?

ಗಿಡಗಳ ಮೂಲ ನಿಮಗೆ ಗೊತ್ತೇ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡುವಾಗ, ಅಂದರೆ ಕಾಫಿ ತೋಟದ ನೆರಳು ಮರಗಳ ಕೊಂಬೆ ಸವರುವಾಗ, ಕೊಂಬೆಯ ಜೊತೆ ಆರ್ಕಿಡ್ ಕೂಡ ನೆಲಕ್ಕೆ ಬರುತ್ತವೆ. ಕೆಲಸದವರಿಗೆ ಅದೂ ಬದನಿಕೆಯೇ, ಕೆರೆದು ಬಿಸಾಕುವ ವಸ್ತು. ಬದನಿಕೆ ಮರದ ರಸ ಕುಡಿಯುತ್ತದೆ, ಆರ್ಕಿಡ್ ಬರೀ ಮರದ ಮೇಲೆ ಕೂತಿರುತ್ತದೆ ಎಂದು ಎಷ್ಟು ಹೇಳಿದರೂ ಮೇಸ್ತ್ರಿ ಒಪ್ಪಿಲ್ಲ. ಆದರೂ ನನ್ನ ಕಾಟ ತಡೆಯಲಾರದೆ ಬಿದ್ದದ್ದನ್ನೆಲ್ಲ ಕುಕ್ಕೆಗೆ ಹಾಕಿಸುತ್ತಾನೆ. ನಮ್ಮ ತೋಟದಲ್ಲಿ ಬಿದ್ದದ್ದು ಮಾತ್ರ. ಕಾಡಿನಿಂದ ಕಿತ್ತು ತರುವ ಮಾತೇ ಇಲ್ಲ.

ಒಣ ಬೇರು ಕತ್ತರಿಸುವುದು, ನೆರಳಲ್ಲಿ ಒಂದೆರಡು ದಿನ ನೇತುಹಾಕುವುದು, ಇದೆಲ್ಲ ನಿಮಗೆ ಬಾಯಿಪಾಠ. ನೇರವಾಗಿ ತಲೆನೋವಿಗೆ ಬರುತ್ತೇನೆ.

ಹೋದ ವರ್ಷ ಮರಗಳಿಗೆ ಕಟ್ಟಿದ ಗಿಡ ಯಾವುದೂ ಸಾಯಲಿಲ್ಲ. ಬದುಕಲೂ ಇಲ್ಲ. ಎಲೆ ಹಸಿರಾಗಿಯೇ ಇತ್ತು. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಕೂಡಲೇ ಹೊಸ ಬೇರು ಹೊರಟಿತು, ಅರ್ಧ ಇಂಚು ಬೆಳೆಯಿತು, ತುದಿ ಕಂದಾಯಿತು, ನಿಂತಿತು. ಪಕ್ಕದಿಂದ ಇನ್ನೊಂದು ಹೊರಟಿತು, ಅದಕ್ಕೂ ಅದೇ ಗತಿ. ಹಳೆಯ ಬೇರು ನೀರು ಹೀರುತ್ತದೆಯೇ ಹೊರತು ಹೊಸ ಮರಕ್ಕೆ ಅಂಟುವುದಿಲ್ಲ. ಅಂಟುವುದು ಬೆಳೆಯುವ ತುದಿ ಮಾತ್ರ. ಆ ತುದಿಯೇ ಹೋದರೆ ಗಿಡ ಮರದ ಮೇಲಿದ್ದರೂ ಮರದ್ದಲ್ಲ.

ಮೊದಲ ಅನುಮಾನ ಬಿಸಿಲಿನ ಮೇಲೆ. ಬೇಸಿಗೆ ಶುರುವಿನಲ್ಲಿ ಹಾಲವಾಣ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತದೆ. ಮಧ್ಯಾಹ್ನದ ಬಿಸಿಲು ನೇರ ಗಿಡದ ಮೇಲೆ. ಸರಿ, ಅಲ್ಲಿದ್ದವನ್ನು ಬಿಚ್ಚಿ ಹಲಸಿಗೆ ಕಟ್ಟಿದೆ. ಹಲಸಿನ ನೆರಳಲ್ಲೂ ತುದಿ ಕಂದು. ಆಮೇಲೆ ಬಸವನಹುಳು. ಅವು ಬೇರಿನ ತುದಿಯನ್ನು ಹಪ್ಪಳದ ಹಾಗೆ ತಿನ್ನುವುದು ನಿಜ. ಆದರೆ ಏಪ್ರಿಲ್ ಒಣಹವೆಯಲ್ಲಿ ಎಲ್ಲಿಯ ಬಸವನಹುಳು? ಟಾರ್ಚ್ ಹಿಡಿದು ರಾತ್ರಿ ಸುತ್ತಿದೆ. ಸಿಕ್ಕಿದ್ದು ಕಟ್ಟಿರುವೆ, ಜೊತೆಗೆ ನಾಯಿಯ ಬೊಗಳು.

ನೀರಿನ ಮೇಲೆ ಅನುಮಾನ ಪಟ್ಟು ಪಾಚಿ ಕೊಂಡದ್ದು ಇನ್ನೊಂದು ಕಥೆ. ಬೇರಿನ ಸುತ್ತ ತೇವ ಇರಲಿ ಅಂತ ಆನ್‌ಲೈನ್‌ನಲ್ಲಿ ಸ್ಫ್ಯಾಗ್ನಮ್ ಎಂಬ ಒಣ ಪಾಚಿ ತರಿಸಿದೆ. ಚಿತ್ರದಲ್ಲಿ ಉದ್ದ ಎಳೆ, ಕೆನೆ ಬಣ್ಣ. ಪೊಟ್ಟಣದಲ್ಲಿ ಪುಡಿ, ಕಡ್ಡಿ, ಒಂದು ಸತ್ತ ಜೀರುಂಡೆ. ವಾಪಸ್ ತಗೊಳ್ಳಿ ಅಂದರೆ 'ಪ್ರಕೃತಿಯ ವಸ್ತು, ಹಾಗೇ ಬರುತ್ತೆ' ಎಂಬ ಉತ್ತರ. ಅದೇ ಅಂಗಡಿಯ 'ತೇಗದ ಬುಟ್ಟಿ' ಮೊದಲ ಮಳೆಗೇ ಮೊಳೆ ಬಿಚ್ಚಿಕೊಂಡಿತು. ಅದು ತೇಗ ಆಗಿದ್ದರೆ ನಮ್ಮ ಸಿಲ್ವರ್ ಓಕ್ ಚಂದನ.

ಗುಟ್ಟು ಸಿಕ್ಕಿದ್ದು ಈ ಬೇಸಿಗೆಯಲ್ಲಿ, ಮಾರ್ಕರ್ ಪೆನ್ನಿನಿಂದ. ಪ್ರತಿ ಗಿಡದ ಒಂದು ಹಳೆಯ ಬೇರಿನಿಂದ ತೊಗಟೆಗೆ ಅಡ್ಡಲಾಗಿ ಗೆರೆ ಎಳೆದೆ. ಬೆಳಿಗ್ಗೆ ನೋಡಿದರೆ ಗೆರೆ ಸರಿಯಾಗಿದೆ. ಹಗ್ಗ ಎಳೆದು ನೋಡಿದರೆ ಬಿಗಿ. ಮರುದಿನವೂ ಅಷ್ಟೇ. ಒಂದು ಸಂಜೆ ಮಳೆಗೆ ಮುಂಚಿನ ಗಾಳಿ ಎದ್ದಾಗ ಸುಮ್ನೆ ಆ ಕಡೆ ಹೋದೆ. ಗೆರೆ ತುಂಡಾಗಿದೆ! ಗಿಡ ಗಾಳಿಗೆ ತಲೆ ಆಡಿಸುತ್ತಿದೆ. ಬೆಳಿಗ್ಗೆ ಬಿಗಿ ಇದ್ದ ತೆಂಗಿನ ನಾರಿನ ಹಗ್ಗದೊಳಗೆ ಈಗ ಕಿರುಬೆರಳು ಹೋಗುತ್ತದೆ.

ಹುರಿ ಹಾಕಿದ ನಾರಿನ ಹಗ್ಗ ನೆನೆದರೆ ಎಳೆಗಳು ಉಬ್ಬುತ್ತವೆ, ಹುರಿ ಬಿಗಿಯುತ್ತದೆ, ಉದ್ದ ಕಡಿಮೆಯಾಗುತ್ತದೆ. ಒಣಗಿದರೆ ಸಡಿಲ. ಎಲೆ ಸಂದಿಯಲ್ಲಿ ರಾತ್ರಿಯಿಡೀ ನೀರು ನಿಂತರೆ ಕೊಳೆಯುತ್ತದೆ ಅಂತ ನಾವೆಲ್ಲ ನೀರು ಹಾಕುವುದು ಬೆಳಿಗ್ಗೆ. ಹಗ್ಗ ಪರೀಕ್ಷೆ ಮಾಡುವುದೂ ಆಗಲೇ, ಅದು ನೆನೆದು ಬಿಗಿಯಾಗಿರುವಾಗ. ಮಧ್ಯಾಹ್ನ ಮೂರಕ್ಕೆ ಅದು ಜೋಲಿಯಾಗುತ್ತದೆ. ಆಮೇಲೆ ಗಾಳಿ. ಅಕ್ಕಿಕಾಳಿನಷ್ಟು ಎಳೆಯ ತುದಿ ಮತ್ತಿ ಮರದ ಒರಟು ತೊಗಟೆಗೆ ದಿನಾ ಸಂಜೆ ಉಜ್ಜುತ್ತದೆ. ಇನ್ನೆಲ್ಲಿ ಅಂಟುವುದು! ಬಿಸಿಲೂ ಅಲ್ಲ, ಹುಳವೂ ಅಲ್ಲ, ಹಗ್ಗ. ಅದನ್ನೂ 'ಆರ್ಕಿಡ್ ಸ್ಪೆಷಲ್' ಅಂತ ಜಾಸ್ತಿ ದುಡ್ಡಿಗೆ ಮಾರುತ್ತಾರೆ.

ಈಗ ಕಟ್ಟುವುದು ಹಳೆಯ ಸೈಕಲ್ ಟ್ಯೂಬಿನಿಂದ. ಉದ್ದಕ್ಕೆ ಸೀಳಿ, ಕಿರುಬೆರಳಗಲ ಪಟ್ಟಿ ಮಾಡಿ, ಸ್ವಲ್ಪ ಎಳೆದು ಹಿಡಿದೇ ಗಂಟು ಹಾಕುತ್ತೇನೆ. ನೆನೆಯಲಿ, ಒಣಗಲಿ, ರಬ್ಬರ್ ಹಿಡಿತ ಬಿಡುವುದಿಲ್ಲ. ಮರ ದಪ್ಪವಾದರೆ ತಾನೂ ಹಿಗ್ಗುತ್ತದೆ, ಬೈಂಡಿಂಗ್ ವೈರಿನ ಹಾಗೆ ತೊಗಟೆ ಕೊಯ್ಯುವುದಿಲ್ಲ. ಒಂದು ಪಟ್ಟಿ ಸಾಲದು. ಬುಡದಲ್ಲಿ ಒಂದು, ಹಳೆಯ ಬೇರಿನ ಗೊಂಚಲಿನ ಮೇಲೆ ಇನ್ನೊಂದು ಬೇಕು. ಬುಡ ಮಾತ್ರ ಕಟ್ಟಿದರೆ ಗಿಡ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹೊಸ ಬೇರು ಹೊರಡುವ ಜಾಗ ಬರಿದಾಗಿರಲಿ, ಪಾಚಿ ಗೀಚಿ ಬೇಡ. ಸುಳಿ ಹೊರಕ್ಕೆ, ಸ್ವಲ್ಪ ಕೆಳಮುಖವಾಗಿ ಬಾಗಿರಲಿ. ಜುಲೈ ಮಳೆಯಲ್ಲಿ ನೀರು ತಾನೇ ಇಳಿದು ಹೋಗಬೇಕು. ಮಳೆ ರಾಚುವುದು ನೈಋತ್ಯದಿಂದ, ಹಾಗಾಗಿ ನಾನು ಕಾಂಡದ ಪೂರ್ವ ಬದಿಗೇ ಕಟ್ಟುವುದು.

ಮರದ ವಿಚಾರದಲ್ಲಿ ನನ್ನ ಅಭಿಪ್ರಾಯ ಈಗ ಗಟ್ಟಿಯಾಗಿದೆ. ಮತ್ತಿಯನ್ನು ಮೀರಿಸಿದ್ದಿಲ್ಲ. ಮೊಸಳೆ ಬೆನ್ನಿನ ಆ ತೊಗಟೆಯ ಬಿರುಕಲ್ಲಿ ತೇವ ನಿಲ್ಲುತ್ತದೆ, ಬೇರಿಗೆ ದಾರಿಯೂ ಸಿಗುತ್ತದೆ. ಹಲಸು ಪರವಾಗಿಲ್ಲ. ನಂದಿ, ಸೀಬೆ ಎರಡೂ ಸಿಪ್ಪೆ ಸುಲಿಯುವ ಮರ, ಗಿಡ ಕಷ್ಟಪಟ್ಟು ಹಿಡಿದ ತೊಗಟೆಯೇ ಒಂದು ದಿನ ಉದುರುತ್ತದೆ. ಹಾಲವಾಣಕ್ಕೆ ಆಸೆ ಪಡಬೇಡಿ. ಮರಗಸಿಯಲ್ಲಿ ಮೊದಲ ಕತ್ತಿ ಏಟು ಅದಕ್ಕೇ.

ತೋಟದ ಉಳಿದ ಸುದ್ದಿ ಒಂದೇ ಉಸಿರಿನಲ್ಲಿ. ಮಾರ್ಚ್ ಕೊನೆಗೆ 1 ಇಂಚು 20 ಸೆಂಟ್ಸ್ (ಅಂದರೆ 1.2 ಇಂಚು) ಮಳೆ ಬಿತ್ತು, ಕಾಫಿ ಹೂ ಮುಗಿಯಿತು. ಬಂಗಲೆ ಎದುರಿನ ಕಕ್ಕೆ ಹಳದಿಯಾಗಿದೆ. ಲಾನ್ ಸುಟ್ಟಿದೆ, ಸುಡಲಿ. ಹಳೇ ನೇರಳೆ ಮರದ ಪೊಟರೆಯಲ್ಲಿ ತಾನಾಗಿ ಬಂದಿದ್ದ ಸಿಂಬಿಡಿಯಂ ಆರ್ಕಿಡ್ ಯಾರ ಉಪಚಾರವೂ ಇಲ್ಲದೆ ಗೊಂಚಲು ಇಳಿಬಿಟ್ಟಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಬೆಳಿಗ್ಗೆ ಗಿಡಗಳಿಗೆ ನೀರು ಹೊರುವ ಕೆಲಸ ನೆನೆದೇ ಮುಂದಿನ ಹುಚ್ಚು ತಲೆಗೆ ಹತ್ತಿದೆ. ಕೆಳಗಿನ ಹಳ್ಳದಿಂದ ಕರೆಂಟಿಲ್ಲದೆ, ಇಳಿದು ಬರುವ ನೀರಿನ ಹೊಡೆತದಿಂದಲೇ ಒಂದು ಪಾಲು ನೀರನ್ನು ಮೇಲೆ ಎತ್ತುವ ಹೈಡ್ರಾಲಿಕ್ ರ‍್ಯಾಮ್ ಪಂಪ್! ಗುಡುಗು ಕೇಳಿಸಿದರೆ ಸಾಕು ಇಲ್ಲಿ ಕರೆಂಟ್ ಹೋಗುತ್ತದೆ, ಮತ್ತೆ ಬರುವುದು ಲೈನ್‌ಮನ್ ದರ್ಶನ ಕೊಟ್ಟಾಗ. ಬಿಸಿಗಾಳಿ ಬಲೂನು ಮಾಡಿದ ಫ್ರಾನ್ಸಿನ ಮಾಂಗೋಲ್ಫಿಯೇ 1796ರಲ್ಲೇ ತಾನಾಗಿ ಓಡುವ ರ‍್ಯಾಮ್ ಮಾಡಿದ್ದ. ನಮ್ಮಲ್ಲಿ ಇಳಿಜಾರು ಇದೆ, ನೀರಿದೆ, ಇನ್ನೇನು ಬೇಕು? ಲೆಕ್ಕ ಹಾಕಿದೆ. ಪಂಪಿಗೆ ಬರುವ ನೀರು ನಿಮಿಷಕ್ಕೆ 30 ಲೀಟರ್, 2 ಮೀಟರ್ ಬೀಳು, ಟ್ಯಾಂಕಿಗೆ 15 ಮೀಟರ್ ಏರು, ದಕ್ಷತೆ ನೂರಕ್ಕೆ 60 ಅಂತ ಹಿಡಿದರೆ ಮೇಲಕ್ಕೆ ನಿಮಿಷಕ್ಕೆ 2.4 ಲೀಟರ್. ದಿನಕ್ಕೆ ಸುಮಾರು 3,450 ಲೀಟರ್! ಆರ್ಕಿಡ್ ಏನು, ಹೈಡ್ರೇಂಜಿಯಾ ಪಾತಿಗೂ ಸಾಕಾಗಿ ಉಳಿಯುತ್ತದೆ. ಹಳ್ಳ ಮೇ ತಿಂಗಳಲ್ಲೂ ಅಷ್ಟು ಹರಿದರೆ ಅನ್ನಿ.

ಪೈಪಿನಲ್ಲೇ ಈಗ ಜಗಳ. ಪಂಪಿಗೆ ನೀರು ತರುವ ಪೈಪ್ ಜಿಐ (ಸತು ಲೇಪಿಸಿದ ಕಬ್ಬಿಣ) ಆಗಿರಬೇಕು. ಪಿವಿಸಿ ಹಾಕಿದರೆ ನೀರಿನ ಹೊಡೆತವನ್ನು ಪೈಪೇ ಹಿಗ್ಗಿ ನುಂಗುತ್ತದೆ, ಎತ್ತುವುದಕ್ಕೆ ಉಳಿಯುವುದು ಕಡಿಮೆ. ಇದನ್ನು ಹಾರ್ಡ್‌ವೇರ್ ಅಂಗಡಿಯವನಿಗೆ ಹೇಳಿದರೆ 'ಈಗ ಜಿಐ ಯಾರು ಹಾಕ್ತಾರೆ ಸಾರ್' ಅಂತ ಪಿವಿಸಿಯನ್ನೇ ಮುಂದೆ ತಳ್ಳುತ್ತಾನೆ. ಗುಜರಿಯವನು ಇದೆ ಅಂದ. ಹೋಗಿ ನೋಡಿದರೆ ತುಕ್ಕು ಹಿಡಿದು ಜರಡಿಯಾಗಿದೆ. ಮೂಡಿಗೆರೆ, ಸಕಲೇಶಪುರ ಕಡೆ ಹಳೇ ಸ್ಪ್ರಿಂಕ್ಲರ್ ಲೈನ್ ಕೀಳುವವರು ಯಾರಾದರೂ ಇದ್ದರೆ 2 ಇಂಚಿನ ಜಿಐ ನನಗೆ ಎತ್ತಿಡಿ. ಸಾಗಾಣಿಕೆ ನನ್ನದೇ.

ಮುಂದಿನ ವಾರ ಮರಗಸಿ ಶುರು. ಸೈಕಲ್ ಶಾಪಿನಲ್ಲಿ ಹಳೇ ಟ್ಯೂಬುಗಳ ಗಂಟನ್ನೇ ಹೇಳಿ ಬಂದಿದ್ದೇನೆ. ಏನಕ್ಕೆ ಅಂತ ಕೇಳಿದ. ಗಿಡ ಕಟ್ಟಲು ಅಂದೆ. ಹಾಗಾದರೆ ಪಂಕ್ಚರ್ ಇರೋದು ನಡೆಯುತ್ತೆ ಬಿಡಿ ಅಂದು, ಪಂಕ್ಚರ್ ಇಲ್ಲದ ಟ್ಯೂಬಿನ ರೇಟನ್ನೇ ಹಾಕಿದ.